ಉಗುರಿಗೆ ಸಿಕ್ಕ ಮುಖ

ಆ ದೀಪ ಸ್ವಲ್ಪ ಸಣ್ಣ ಮಾಡಿ... ಹಾಂ, ಸಾಕು. ನಗೋರು ಈಗಲೇ ನಕ್ಕುಬಿಡಿ. ಮಧ್ಯದಲ್ಲಿ ಯಾರಾದ್ರೂ ಕಿಸಕ್ಕಂದ್ರೆ ನಾನು ಎದ್ದು ಹೋಗೋಳೇ. ಇದು ಅವರಿವರ ಬಾಯಿಂದ ಕೇಳಿದ್ದಲ್ಲ. ನನ್ನ ಸ್ವಂತ ದೊಡ್ಡಮ್ಮನ ಮಗನಿಗೆ ಆಗಿದ್ದು. ಅರ್ಧ ಅವನು ಹೇಳಿದ್ದು, ಇನ್ನರ್ಧಕ್ಕೆ ನಾನೇ ಪಕ್ಕದಲ್ಲಿದ್ದೆ.

ಅಣ್ಣ ಅವತ್ತು ಕೊನೇ ಬಸ್ಸಿಳಿದು ಮನೆ ಕಡೆ ನಡ್ಕೊಂಡು ಬರ್ತಿದ್ದ. ಜೇಬಲ್ಲಿ ಹೊಸ ಬಿಟ್‌ಗಳು. ಅಂದ್ರೆ ಕಲ್ಲು ಕೆತ್ತೋ ಕೈ ಮೆಷಿನ್ನಿನ ಮೂತಿಗೆ ಸಿಕ್ಕಿಸ್ತಾರಲ್ಲ, ಆ ಸಣ್ಣ ಮೊನೆಗಳು. ಹೆಜ್ಜೆ ಇಟ್ಟಾಗೆಲ್ಲ ಕಿಣಿ ಕಿಣಿ ಅಂತಿದ್ವಂತೆ. ಮನೇಲೇ ಕೂತು ಕಲ್ಲು ಕೆತ್ತಿ, ಉಜ್ಜಿ, ಹೊಳಪು ಕೊಟ್ಟು ಮಾರೋದು ಅವನ ಕಸುಬು. ಬೀದಿಯವರು ಇಟ್ಟ ಹೆಸರು ಕಲ್ಲಣ್ಣ.

ಬೀದಿ ಕೊನೇಲಿ ಒಂದು ಹಾಳು ಬಾವಿ. ಬೇರೆ ದಿನ ಆಗಿದ್ರೆ ಅಣ್ಣ ಆ ಕಡೆ ಕತ್ತು ತಿರುಗಿಸ್ತಿರಲಿಲ್ಲ. ಯಾಕಂದ್ರೆ ಅವನ ತಮ್ಮ ಪುಟ್ಟ ಕಾಣೆಯಾದಾಗ ಚಪ್ಪಲಿ ಸಿಕ್ಕಿದ್ದು ಅದೇ ಬಾವಿಕಟ್ಟೆ ಮೇಲೆ. ಬಾಗಿಲ ಹೊರಗೆ ಬಿಟ್ಟ ಹಾಗೆ ನೀಟಾಗಿ ಜೋಡಿಸಿಟ್ಟಿತ್ತು. ಜನ ಇಳಿದು ತಡಕಿದ್ರು, ಪಂಪ್ ಇಟ್ಟು ನೀರೆಲ್ಲ ಎತ್ತಿದ್ರು. ಕೆಸರು ಸಿಕ್ತು, ಒಂದು ತೂತು ಬಿಂದಿಗೆ ಸಿಕ್ತು. ಪುಟ್ಟ ಸಿಗಲಿಲ್ಲ.

ಬದುಕಿದಾನೆ ಅಂತ ಕಾಯೋದಾ, ಸತ್ತ ಅಂತ ಅಳೋದಾ? ದೊಡ್ಡಮ್ಮನ್ನ ತಿಂದುಹಾಕಿದ್ದು ಅದೇ. ಸಕ್ಕರೆ ಕಾಯಿಲೆಯಿಂದ ಅವಳ ಕಣ್ಣು ಹೋಗಿ ಎಷ್ಟೋ ಕಾಲ ಆಗಿತ್ತು. ಮಕ್ಕಳ ಮುಖ ಅವಳಿಗೆ ಬೆರಳ ತುದಿಯಲ್ಲೇ ಇದ್ದಿದ್ದು. "ಒಂದ್ಸಲ ಪುಟ್ಟನ ಮುಖ ಮುಟ್ಟಬೇಕು. ಆಮೇಲೇ ಊಟ" ಅಂತ ಕೂತ್ಲು. ಮೊದಮೊದಲು ನಾವು ಹಟ ಅಂದ್ಕೊಂಡ್ವಿ. ಆಮೇಲೆ ಗಂಜಿ ತಂದ್ರೆ ತುಟಿ ಬಿಗಿ ಹಿಡಿಯೋಕೆ ಶುರು ಮಾಡಿದ್ಲು. ನಾನು ಹೊಲಿಗೆ ಮೆಷಿನ್ ಮುಚ್ಚಿಟ್ಟು ಅವಳನ್ನ ನೋಡ್ಕೊಳ್ಳೋಕೆ ಅಲ್ಲೇ ಹೋಗಿದ್ದೆ. ಡಾಕ್ಟರು ಅಣ್ಣನ್ನ ಹೊರಗೆ ಕರೆದು, "ಔಷಧಿ ಬೇಕಾದ್ರೆ ಬರ್ಕೊಡ್ತೀನಪ್ಪ, ಹಸಿವು ಎಲ್ಲಿಂದ ತರಲಿ?" ಅಂದ್ರು. ದೊಡ್ಡಮ್ಮ ನಮ್ಮ ಕಣ್ಣೆದುರೇ ಕರಗಿ ಹೋಗ್ತಿದ್ಲು. ಬಳೆ ಮೊಣಕೈವರೆಗೂ ಜಾರ್ತಿತ್ತು.

ಅಂಥಾ ರಾತ್ರಿ ಅದು. ಅಣ್ಣ ಹೋಗಿ ಬಾವಿಕಟ್ಟೆ ಮೇಲೆ ಕೂತ. ಮನೆಗೆ ಹೋದ್ರೆ ಅಮ್ಮನ ಮುಖ ನೋಡಬೇಕು, ಅದಕ್ಕಿಂತ ಬಾವೀನೇ ವಾಸಿ ಅನ್ನಿಸ್ತಂತೆ. ಕೂತು ಅತ್ತ. ಗಂಡಸು ಅಳೋದನ್ನ ಕೇಳೋಕೆ ಯಾರೂ ಇಲ್ಲ ಅಂತ ಗಟ್ಟಿಯಾಗೇ ಅತ್ತ.

ಕೆಳಗೆ... ಗುಳುಂ.

ಆಮೇಲೆ ಸದ್ದಿಲ್ಲ. ಆಮೇಲೆ...

"ಅಣ್ಣಾ..."

ಪಿಸುಮಾತು. ಅಣ್ಣ ಓಡಬೇಕಿತ್ತು. ಓಡಲಿಲ್ಲ.

"ಪುಟ್ಟಾ?"

"ಯಾರ ಮುಖ ಕೊಡ್ತೀಯಾ ಅಣ್ಣಾ..."

ನೀವಾಗಿದ್ರೆ ಏನಂತಿದ್ರೋ. ಅಣ್ಣ ಅಂದನಂತೆ, "ಯಾರದ್ದಾದ್ರೂ ತಗೋ. ಅಮ್ಮ ಊಟ ಮಾಡಿದ್ರೆ ಸಾಕು."

ಟಕ್.

ತಿರುಗಿ ನೋಡಿದ್ರೆ, ಚಪ್ಪಲಿ ಸಿಕ್ಕಿದ ಜಾಗದಲ್ಲೇ ಒಂದು ಕಲ್ಲು. ಮನುಷ್ಯರ ತಲೆಯಷ್ಟು ದೊಡ್ಡದು. ಸುತ್ತ ಕಟ್ಟೆಯೆಲ್ಲ ಒಣಗಿತ್ತು, ಕಲ್ಲಿಂದ ಮಾತ್ರ ತೊಟತೊಟ ನೀರು. ಮುಳುಗೋನಿಗೆ ಹುಲ್ಲುಕಡ್ಡೀನೂ ಆಸರೆ. ಅಣ್ಣ ಅದನ್ನ ಕೂಸಿನ ಹಾಗೆ ಸೊಂಟದ ಮೇಲಿಟ್ಕೊಂಡು ಮನೆಗೆ ಬಂದ. "ಪುಟ್ಟನ ಮುಖ ಕೆತ್ತುತೀನಿ ಕಣೇ. ಅಮ್ಮ ಮುಟ್ಟಲಿ" ಅಂದ ನನಗೆ. ಬಾವಿ ಮಾತು ಆಗ ಹೇಳಲಿಲ್ಲ. ಹೇಳಿದ್ರೆ ನಾನು ಆ ಕಲ್ಲನ್ನ ಹೊಸಿಲು ದಾಟೋಕೆ ಬಿಡ್ತಿದ್ನಾ?

ಹಿತ್ತಲ ಬಟ್ಟೆ ಒಗೆಯೋ ಜಾಗಾನೇ ಅವನ ಕಾರ್ಖಾನೆ. ಗೋಡೆಯ ಮೊಳೆಗೆ ಆಸ್ಪತ್ರೆಯವರು ಎಸೆದ ಡ್ರಿಪ್ ಬಾಟಲಿ. ಅದರ ನಳಿಕೆಯಿಂದ ಕಲ್ಲಿನ ಮೇಲೆ ಟಪ್... ಟಪ್... ಅಂತ ನೀರು ಬೀಳ್ತಾ ಇರಬೇಕು. ಇಲ್ಲದಿದ್ರೆ ಬಿಟ್ ಸುಡುತ್ತೆ, ಕಲ್ಲಿನ ಪುಡಿ ಎದೆಗೆ ಹೋಗುತ್ತೆ. ಮೆಷಿನ್ ಸುಮ್ನೆ ತಿರುಗಿದ್ರೆ ಝೀ... ಅಂತ ಸಣ್ಣ ದನಿ. ಕಲ್ಲಿಗೆ ತಾಗಿದ್ರೆ ಘರ್ರ್... ಅಂತ ಇಳಿಯುತ್ತೆ. ಕಲ್ಲಿಂದ ಬೆಳ್ಳಗೆ ಕೆಸರು ಇಳಿಯೋದು. ನಾನು ಒರೆಸೋಳು. "ನಿನ್ನ ಕಲ್ಲು ಹಾಲು ಕೊಡುತ್ತಲ್ಲೋ" ಅಂದೆ. "ಬೆಳ್ಳಗಿರೋದೆಲ್ಲ ಹಾಲಲ್ಲ, ಟಾರ್ಚ್ ಸರಿ ಹಿಡಿ" ಅಂದ. ಅದೇ ಕೊನೆ ನೋಡಿ ಅವನು ತಮಾಷೆ ಮಾಡಿದ್ದು.

ಗಟ್ಟಿ ಕಲ್ಲು ಅದು. ಆದ್ರೂ ಬಿಟ್ ಇಟ್ಟ ಕಡೆ ಬಳಪದ ಕಲ್ಲಿನ ಹಾಗೆ ಬಿಟ್ಕೊಡ್ತಿತ್ತು. ಅಣ್ಣನಿಗೇ ಆಶ್ಚರ್ಯ.

ಅಳತೆಗೆ ಏನು ಮಾಡೋದು? ಪುಟ್ಟನ ಫೋಟೋ ಇತ್ತು. ಫೋಟೋ ಕಣ್ಣಿಗೆ ಸರಿ, ಬೆರಳಿಗೆ ಅದೊಂದು ಕಾಗದ. ನನ್ನ ಟೇಪು ಕೊಡೋಕೆ ಹೋದೆ. "ಮೂಗಿನ ಪಕ್ಕದ ತಗ್ಗು ನಿನ್ನ ಟೇಪಿಗೆ ಗೊತ್ತಾಗುತ್ತಾ?" ಅಂದ. ಅಣ್ಣ ತಮ್ಮ ಇಬ್ಬರೂ ಒಂದೇ ಅಚ್ಚಲ್ಲಿ ಹೊಯ್ದ ಹಾಗಿದ್ರು. ಹಾಗಾಗಿ ಅವನು ಕಣ್ಣು ಮುಚ್ಚಿ ಎಡಗೈ ಹೆಬ್ಬೆರಳು ತನ್ನ ಮುಖದ ಮೇಲಿಡೋನು. ಹುಬ್ಬು ಎಷ್ಟು ಎತ್ತರ, ಕೆನ್ನೆ ಎಲ್ಲಿ ಇಳಿಯುತ್ತೆ... ಹಾಗೇ ಕಲ್ಲಿಗೆ ತಗೊಂಡು ಹೋಗೋನು. ವ್ಯತ್ಯಾಸ ಇದ್ದಿದ್ದು ಒಂದೇ. ಪುಟ್ಟ ಚಿಕ್ಕವನಿದ್ದಾಗ ಮಂಚದಿಂದ ಬಿದ್ದು ಗದ್ದದ ಕೆಳಗೆ ಒಂದು ಸಣ್ಣ ಗಾಯದ ಗೀರು ಆಗಿತ್ತು. "ಅದು ಕೊನೆಗೆ. ಈಗ ಮಾಡಿದ್ರೆ ಪಾಲಿಶಲ್ಲಿ ಅಳಿಸಿಹೋಗುತ್ತೆ" ಅಂದ.

ಒಂದು ಸಂಜೆ ಕೆತ್ತೋದು ನಿಲ್ಲಿಸಿ ಕೈ ಕೊಡವಿದ. "ಬೆರಳು ಜೋಮು ಹಿಡಿದಿದೆ ಕಣೇ. ನನ್ನ ಕೆನ್ನೆ ನನಗೇ ಗೊತ್ತಾಗ್ತಿಲ್ಲ."

ಮೆಷಿನ್ ಹಿಡಿದೋರಿಗೆ ಬೆರಳು ಜೋಮು ಹಿಡಿಯೋದು ಮಾಮೂಲು. ನಾನು ರೇಗಿಸೋಕೆ ಅಂತ ಅವನ ಕೆನ್ನೆ ಚಿವುಟಿದೆ. ಜೋರಾಗೇ. ಅವನು ತಿರುಗಲೂ ಇಲ್ಲ. ಕೆನ್ನೆ ತಣ್ಣಗಿತ್ತು... ಆ ಕಲ್ಲಿನಷ್ಟು ತಣ್ಣಗೆ. ಕಲ್ಲಿನ ಕೆನ್ನೆ ಕೆತ್ತಿ ಮುಗಿದಿದ್ದು ಅವತ್ತೇ. ನೀರಲ್ಲಿ ಕೂತು ಕೂತು ಶೀತ ಆಗಿದೆ ಅಂದ್ಕೊಂಡು ನಾನು ಬಿಸಿನೀರು ಕಾಯಿಸೋಕೆ ಎದ್ದೆ. ಥೂ, ನನ್ನ ಬುದ್ಧಿಗಿಷ್ಟು.

ಆಮೇಲೆ ಪಾಲಿಶ್. ಒರಟು ಕಾಗದ, ನಯ ಕಾಗದ, ಇನ್ನೂ ನಯ. ಕೊನೆಗೆ ಬಟ್ಟೆ ಚಕ್ರ... ಶ್ಶ್ಶ್ ಅಂತ. ನನಗೆ ಒಂದು ಹಂತದಲ್ಲೇ ಕನ್ನಡಿ ಹಾಗೆ ಕಂಡು, "ಆಯ್ತಲ್ಲೋ!" ಅಂದೆ. ಅಣ್ಣ ತಲೆ ಅಲ್ಲಾಡಿಸಿದ. "ಒದ್ದೆ ಕಲ್ಲು ಸುಳ್ಳು ಹೇಳುತ್ತೆ. ನೀರಿದ್ರೆ ಎಲ್ಲ ಗೀರೂ ಮುಚ್ಚಿಹೋಗುತ್ತೆ. ಒರೆಸಿ ಉಗುರು ಎಳಿ. ಈ ಕೆಲಸದಲ್ಲಿ ಕಣ್ಣನ್ನ ನಂಬಬಾರದು, ಉಗುರನ್ನ ನಂಬಬೇಕು." ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರಲ್ಲ, ಹಾಗೆ. ಒರೆಸಿ ಉಗುರು ಎಳೆದೆ. ಹೌದು, ತರಿತರಿ.

ಆದ್ರೆ ಆ ಕಲ್ಲು ಎಷ್ಟು ಒರೆಸಿದ್ರೂ ಮತ್ತೆ ಒದ್ದೆ ಆಗ್ತಿತ್ತು ನೋಡಿ. ಬಾಟಲಿ ನಿಲ್ಲಿಸಿದ್ರೂ.

ಅಷ್ಟರಲ್ಲಿ ದೊಡ್ಡಮ್ಮ ನೀರೂ ಬೇಡ ಅಂದ್ಲು. ಉಸಿರು ಗೊರ್... ಗೊರ್... ಅನ್ನೋಕೆ ಶುರುವಾಯ್ತು. ಅಣ್ಣ ಹುಚ್ಚನ ಹಾಗೆ ಚಕ್ರ ಓಡಿಸಿದ. ಮುಗೀತು ಅಂದಿದ್ದೇ ತಡ, ಟವೆಲಲ್ಲಿ ಸುತ್ತಿ ಒಳಗೆ ಓಡಿದ. ಗದ್ದದ ಗೀರು ಇಬ್ಬರಿಗೂ ಮರೆತೇ ಹೋಗಿತ್ತು.

"ಅಮ್ಮಾ, ಪುಟ್ಟನ ಮುಖ. ಮುಟ್ಟಿ ನೋಡು."

ದೊಡ್ಡಮ್ಮನ ಬೆರಳು ಹಣೆಯಿಂದ ಇಳೀತು. ಹುಬ್ಬು. ಮೂಗು. ತುಟಿ. ಬೆರಳು ಗದ್ದದ ಕೆಳಗೆ ಹೋಯ್ತು... ಹುಡುಕ್ತು. ಮತ್ತೆ ಹುಡುಕ್ತು.

"ಇದು ಪುಟ್ಟ ಅಲ್ಲ" ಅಂದ್ಲು. "ಇದು ದೊಡ್ಡೋನು."

ಅಣ್ಣ ಕುಸಿದು ಮಂಚದ ಪಕ್ಕ ಮಂಡಿ ಊರಿದ. "ಅಮ್ಮಾ, ನಿನ್ನ ಕಾಲಿಗೆ ಬೀಳ್ತೀನಿ, ಇನ್ನೊಂದ್ಸಲ ನೋಡು... ಆ ಗೀರು ನಾನು ಮರೆತೆ ಅಮ್ಮಾ..." ಅಂತ ಅವಳ ಕೈ ಹಿಡ್ಕೊಂಡು ತನ್ನ ಮುಖಕ್ಕೆ ಒತ್ಕೊಂಡು ಅಳೋಕೆ ಶುರು ಮಾಡಿದ.

ಆ ಕೈ ಅವನ ಮುಖದ ಮೇಲೆ ನಿಂತ್ಬಿಡ್ತು. ನಿಧಾನಕ್ಕೆ ಇಳೀತು. ಗದ್ದದ ಕೆಳಗೆ ಹೋಗಿ ಒಂದು ಕಡೆ ಹಿಂದಕ್ಕೂ ಮುಂದಕ್ಕೂ ಉಜ್ಜಿತು.

"ಬಂದ್ಯಾ..." ಅಂದ್ಲು. "ಬಂದ್ಯಾ ಪುಟ್ಟಾ! ಎಷ್ಟು ತಣ್ಣಗಿದೀಯೋ ಕಂದ..."

ಅಣ್ಣ ನನ್ನ ಮುಖ ನೋಡಿದ. ನಾನು ಅವನ ಗದ್ದ ನೋಡಿದೆ. ಏನೂ ಇರಲಿಲ್ಲ. ಟಾರ್ಚ್ ಹಾಕಿ ನೋಡಿದೆ, ಏನೂ ಇಲ್ಲ. ಆಮೇಲೆ... ಉಗುರು ಎಳೆದೆ.

ಸಿಕ್ತು.

ಕಣ್ಣಿಗೆ ಕಾಣಲ್ಲ, ಉಗುರಿಗೆ ಸಿಗುತ್ತೆ. ಗೀರು. ಪುಟ್ಟನದ್ದೇ, ಅದೇ ಜಾಗ.

ದೊಡ್ಡಮ್ಮ ಆಗಲೇ ಎದ್ದು ಕೂರೋಕೆ ನೋಡ್ತಿದ್ಲು. "ಹಸಿವಾಗ್ತಿದೆ ಕಣೇ, ಗಂಜಿ ಇದ್ಯಾ?" ಅಂದ್ಲು ನನಗೆ. ಅಣ್ಣನ ಕೈಯಿಂದಲೇ ಬಟ್ಟಲು ಖಾಲಿ ಮಾಡಿದ್ಲು. ಬಾಯಿ ಒರೆಸ್ಕೊಂಡು ಕೇಳಿದ್ಲು, "ಅಣ್ಣ ಎಲ್ಲೋ ಪುಟ್ಟಾ?"

ಅಣ್ಣ ಖಾಲಿ ಬಟ್ಟಲು ಕೆಳಗಿಟ್ಟು, "ಕೆಲಸದ ಮೇಲೆ ಹೋಗಿದಾನಮ್ಮ. ಬರ್ತಾನೆ" ಅಂದ.

ಬಾವಿ ಕತೆ ನನಗೆ ಹೇಳಿದ್ದು ಅವತ್ತು ರಾತ್ರಿ. ಹೇಳ್ತಾ ಹೇಳ್ತಾ ಎದ್ದು ಹೋಗಿ, ನಿದ್ದೆಯಲ್ಲಿದ್ದ ಅಮ್ಮನ ಪಕ್ಕದಿಂದ ಮೆಲ್ಲಗೆ ಕಲ್ಲು ತಂದ. "ಈ ಮುಖ ಸವೆಸಿಬಿಡ್ತೀನಿ. ನನ್ನದು ನನಗೆ ಬರಲಿ" ಅಂತ ನನ್ನನ್ನೂ ಕರ್ಕೊಂಡು ಹಿತ್ತಲಿಗೆ ಹೋಗಿ ಕದ ಹಾಕಿ ಮೆಷಿನ್ ಹಾಕಿದ. ಝೀ... ಬಿಟ್ಟನ್ನ ಕಲ್ಲಿನ ಹಣೆ ಹತ್ರ ತಂದ. ಇನ್ನೂ ತಾಗಿರಲಿಲ್ಲ. ಒಳಗಿನ ಕೋಣೆಯಿಂದ ದೊಡ್ಡಮ್ಮ...

"ಪುಟ್ಟಾ, ಅಣ್ಣನ್ನ ಏನೂ ಮಾಡಬೇಡ್ವೋ."

ಕಣ್ಣು ಕಾಣಲ್ಲ. ಮಧ್ಯೆ ಎರಡು ಕದ.

ಅಣ್ಣ ಮೆಷಿನ್ ನಿಲ್ಲಿಸಿದ. "ಮುಖ ವಾಪಸ್ ಬಂದ್ರೆ ಅಮ್ಮ ಮತ್ತೆ ಊಟ ಬಿಡ್ತಾಳಲ್ಲೇ" ಅಂದ ಪಿಸುದನಿಯಲ್ಲಿ. ನಾನು ಅತ್ತುಬಿಟ್ಟೆ. ಅವನೇ ನನ್ನ ಸಮಾಧಾನ ಮಾಡಿದ. ಕಲ್ಲು ಒರೆಸಿ ಅಮ್ಮನ ಪಕ್ಕ ಇಟ್ಟು ಬಂದ.

ದೊಡ್ಡಮ್ಮ ಈಗ ಗುಂಡುಕಲ್ಲಿನ ಹಾಗಿದಾಳೆ. ಹೊತ್ತು ಹೊತ್ತಿಗೆ ಊಟ, ಅದೂ ಪುಟ್ಟನೇ ಬಡಿಸಬೇಕು. ರಾತ್ರಿಯಾದ್ರೆ ಮಾತ್ರ ಆ ಕಲ್ಲು ತಬ್ಕೊಂಡು, "ನನ್ನ ದೊಡ್ಡೋನು ಎಲ್ಲಿ ಹೋದ್ನೋ, ಒಂದು ಮಾತು ಹೇಳದೆ" ಅಂತ ಅಳ್ತಾಳೆ. ಆ ದೊಡ್ಡೋನೇ ಪಕ್ಕದಲ್ಲಿ ಕೂತು ಅವಳ ಬೆನ್ನು ಸವರ್ತಾನೆ. "ಬರ್ತಾನಮ್ಮ, ಅಣ್ಣ ಬಂದೇ ಬರ್ತಾನೆ" ಅಂತ.

ನಂಬ್ತೀರೋ ಬಿಡ್ತೀರೋ ನಿಮ್ಮಿಷ್ಟ. ಅಣ್ಣನ್ನ ನೋಡಿದ್ರೆ ನಿಮಗೆ ಏನೂ ವ್ಯತ್ಯಾಸ ಕಾಣಲ್ಲ. ಮೂಲೆ ಅಂಗಡಿಯ ಕ್ಷೌರದವನು ಮಾತ್ರ ನನ್ನ ಕೇಳಿದ, "ಕಲ್ಲಣ್ಣ ಯಾಕೆ ಈ ಕಡೆ ಬರೋದೇ ಇಲ್ಲ, ಬೇರೆ ಅಂಗಡಿ ಹಿಡಿದ್ನಾ?" ಅಂತ. ಬೇರೆ ಅಂಗಡಿ ಹಿಡಿದಿಲ್ಲ. ಅವನಿಗೆ ಗಡ್ಡ ಬರೋದು ನಿಂತುಹೋಗಿದೆ.

ಆ ಕಲ್ಲನ್ನ ಮಾತ್ರ ವಾರ ವಾರ ಪಾಲಿಶ್ ಮಾಡ್ತಾನೆ. ಮಾಡಲೇಬೇಕು, ದೊಡ್ಡಮ್ಮನಿಗೆ ಕೈ ಚುಚ್ಚುತ್ತಂತೆ. ನಿನ್ನೆ ಸಂಜೆ ಹೋಗಿದ್ದೆ. ಕಲ್ಲು ಒರೆಸಿ ಉಗುರು ಎಳೆದೆ. ಹಣೆ ನಯ, ಮೂಗು ನಯ. ಕೆನ್ನೆ ಮತ್ತೆ ಗದ್ದ ಮಾತ್ರ ತರಿತರಿ.