ಚೀಟಿ ಬಿಡಿಸಿಕೊಂಡವನು ಪತ್ರ ಓದಲಿಲ್ಲ

ಒಂದೂರಲ್ಲಿ ಒಬ್ಬ ಶ್ರೀಮಂತನಿದ್ದ, ಶರಣರೇ. ಶ್ರೀಮಂತ ಎಂದೊಡನೆ ಬಂಗಾರ ಕೂಡಿಡುತ್ತಿದ್ದ ಅಂದುಕೊಳ್ಳಬೇಡಿ. ಇವನು ಕೂಡಿಡುತ್ತಿದ್ದುದು ಅಂಚೆಚೀಟಿ. ಅದರಲ್ಲೂ ಹಳೇ ಕಾರಿನ ಚಿತ್ರವಿರುವ ಅಂಚೆಚೀಟಿ ಮಾತ್ರ. ದುಂಡು ದೀಪದ ಕಾರು, ಪಕ್ಕದಲ್ಲಿ ಕಾಲಿಡುವ ಹಲಗೆಯಿದ್ದ ಕಾರು, ಮುಂದೆ ಸಲಾಕೆ ಹಾಕಿ ತಿರುವಿದರೆ ಹೊರಡುತ್ತಿತ್ತಲ್ಲ, ಆ ಕಾರು. ಹಿರಿಯರು ನಗುತ್ತಿದ್ದೀರಿ, ನೀವು ಕಂಡಿದ್ದೀರಿ ಅದನ್ನು.

ಈ ಹುಚ್ಚು ಹಚ್ಚಿದವಳು ಅವನ ಅಕ್ಕ. ರಜೆಯ ಮಧ್ಯಾಹ್ನ ಇಬ್ಬರೂ ಪಡಸಾಲೆಯಲ್ಲಿ ಕೂರುವುದು. ಲಕೋಟೆಯ ಮೂಲೆ ಕತ್ತರಿಸಿ ಪರಾತದ ನೀರಿನಲ್ಲಿ ತೇಲಿಬಿಡುವುದು. ಅಂಟು ತಾನಾಗಿ ಬಿಡುವ ತನಕ ಕಾಯಬೇಕು. ಅವಸರ ಮಾಡಿದರೆ ಹರಿಯುತ್ತದೆಂದು ಅಕ್ಕ ಅವನ ಕೈ ಹಿಡಿದುಕೊಂಡೇ ಕೂತಿರುತ್ತಿದ್ದಳು. ಕಾಯುವಾಗ ಎಷ್ಟು ಮಾತು, ಎಷ್ಟು ನಗು.

ಅಕ್ಕ ಮದುವೆಯಾಗಿ ಸಿಂಗಪುರಕ್ಕೆ ಹೋದಳು. ಮನೆಮನೆಗೆ ಫೋನಿಲ್ಲದ ಕಾಲ. ತಮ್ಮನಿಗೆ ತಿಂಗಳಿಗೊಂದು ಪತ್ರ ಬರೆಯುತ್ತಿದ್ದಳು, ಅಂಚೆ ಕಚೇರಿಯಲ್ಲಿ ಕಾಡಿ ಬೇಡಿ ಕಾರಿನ ಚೀಟಿಯನ್ನೇ ಹಚ್ಚುತ್ತಿದ್ದಳು.

ತಮ್ಮ ದೊಡ್ಡ ವ್ಯಾಪಾರಿಯಾದ. ಪುರುಸೊತ್ತು ಕಡಿಮೆಯಾಯಿತು. ಏನು ಮಾಡುತ್ತಿದ್ದ ಗೊತ್ತೇ? ಲಕೋಟೆ ಬಂದ ಕೂಡಲೇ ಚೀಟಿಯಿದ್ದ ಮೂಲೆಯನ್ನು ಕತ್ತರಿಸಿ ನೀರಿಗೆ ಹಾಕುತ್ತಿದ್ದ. ಒಳಗಿನ ಪತ್ರವನ್ನು ಆಮೇಲೆ ಓದೋಣವೆಂದು ಒಂದು ಡಬ್ಬಿಗೆ ತುರುಕುತ್ತಿದ್ದ. ನೋಡಿ, ಡಬ್ಬಿ ತುಂಬಿತು. ಆ ‘ಆಮೇಲೆ’ ಮಾತ್ರ ಬರಲಿಲ್ಲ.

ಒಂದು ದಿನ ಪತ್ರಗಳೇ ನಿಂತುಹೋದವು. ಅವನಿಗೆ ಮೊದಲು ಅನಿಸಿದ್ದೇನು? ಆಲ್ಬಮ್ಮಿನ ಪುಟ ಖಾಲಿ ಉಳಿಯಿತಲ್ಲ ಎಂದು. ಯಾಕೆ ನಿಂತವೆಂದು ತಿಳಿಯಲು ಡಬ್ಬಿ ತೆಗೆದು ಕೊನೆಯ ಪತ್ರ ಬಿಡಿಸಿದ. ಅಕ್ಷರಗಳು ಸಾಲು ತಪ್ಪಿದ್ದವು. ಕಣ್ಣು ದಿನದಿನಕ್ಕೆ ಮಂಜಾಗುತ್ತಿದೆ, ಪೂರ್ತಿ ಹೋಗುವ ಮೊದಲು ನಿನ್ನ ಪಕ್ಕ ಕೂತು ಆಲ್ಬಮ್ ನೋಡುವ ಆಸೆ, ಕರೆಯದೆ ತವರಿಗೆ ಹೇಗೆ ಬರಲಿ, ಬಂದು ಕರೆದುಕೊಂಡು ಹೋಗು ಎಂದು ಅಕ್ಕ ಬರೆದಿದ್ದಳು. ಹಿಂದಿನ ಪತ್ರದಲ್ಲೂ ಅದೇ. ಅದರ ಹಿಂದಿನದರಲ್ಲೂ ಅದೇ.

ಆಲ್ಬಮ್ ಬಗಲಲ್ಲಿಟ್ಟುಕೊಂಡು ವಿಮಾನ ಹತ್ತಿದ. ಹೋಗುವಷ್ಟರಲ್ಲಿ ಅಕ್ಕನ ಕಣ್ಣು ಹೋಗಿತ್ತು. ಪಕ್ಕದಲ್ಲಿ ಕೂತು ಒಂದೊಂದೇ ಕಾರಿನ ಬಣ್ಣ ಹೇಳುತ್ತ ಹೋದ, ಅಳುತ್ತ ಹೋದ. ಆಕೆ ಬೈಯಲಿಲ್ಲ. ಪುಟದ ಮೇಲೆ ಕೈಯಾಡಿಸಿ ಇಷ್ಟೇ ಅಂದಳು: “ಇಷ್ಟೂ ಕಾರು ನಿನ್ನ ಮನಿ ಮುಟ್ಟಿದುವು, ತಮ್ಮಾ. ನಾ ಒಬ್ಬಾಕಿ ಮುಟ್ಟಲಿಲ್ಲ ನೋಡು.”

ಅವನನ್ನು ಕೆಟ್ಟವನೆನ್ನೋಣವೇ? ಅಕ್ಕ ಕಳಿಸಿದ್ದನ್ನು ಜೋಪಾನ ಮಾಡಿದ, ಅಕ್ಕನನ್ನು ಮರೆತ. ನಾವು ಮಾಡುವುದು ಬೇರೆಯೇ? ತಾಯಿ ಉಡಿಸಿದ ಸೀರೆ ಮಡಿಕೆ ಕೆಡದಂತೆ ಕಪಾಟಿನಲ್ಲಿದೆ, ತಾಯಿಯ ಹತ್ತಿರ ಮಾತಾಡಿ ತಿಂಗಳಾಯಿತು. ಗೆಳೆಯ ಕಳಿಸಿದ ಫೋಟೋ ನೋಡಿ ಮೊಬೈಲಿನಲ್ಲಿ ಒಂದು ಹೆಬ್ಬೆರಳು ಒತ್ತುತ್ತೇವೆ, ಕೆಳಗೆ ಅವನು ಬರೆದ ಎರಡು ಸಾಲು ಓದುವುದಿಲ್ಲ. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ, ನಾನೇನು ದೊಡ್ಡವನಲ್ಲ.

ಆ ಕಾಲ ಚಂದಿತ್ತು, ಆ ಕಾಲ ಚಂದಿತ್ತು ಎಂದು ಹಲುಬುತ್ತೇವೆ. ಆ ಕಾಲದಲ್ಲಿ ನಿಮ್ಮ ಜೊತೆಗಿದ್ದವರು ಕೆಲವರು ಇನ್ನೂ ಇದ್ದಾರಲ್ಲ? ಇವತ್ತು ಪ್ರಸಾದ ಮುಗಿಸಿ ಮನೆಗೆ ಹೋದವರೇ ಅಂಥ ಒಬ್ಬರನ್ನು ಮಾತಾಡಿಸಿ. ಹೇಗಿದ್ದೀಯ ಎಂದು ವಿಚಾರಿಸಿ. ಆಮೇಲೆ ಗಡಿಯಾರ ನೋಡದೆ, ಅವರು ಹೇಳಿ ಮುಗಿಸುವ ತನಕ ಸುಮ್ಮನೆ ಕೂತಿರಿ.