ಉಡುವವರು ಯಾರು?

ಸೀರೆ ಮಡಚುತ್ತ ಕೂತಿದ್ದ, ನೋಡಿ, ಹುಬ್ಬಳ್ಳಿ ಕಡೆಯ ಒಂದೂರಿನ ಶ್ರೀಮಂತ. ಹೆಸರು ಬೇಡ. ಹೆಸರು ಹೇಳಿದರೆ ನೀವು "ಓ, ಅವರ ಮನೆಯ ಕಥೆ" ಎಂದು ಕೈ ತೊಳೆದುಕೊಂಡುಬಿಡುತ್ತೀರಿ. ಊರಿಗೆಲ್ಲ ದೊಡ್ಡ ಸೀರೆ ಅಂಗಡಿ ಅವನದು. ಮಡಚುವುದಕ್ಕೆ ಆಳುಗಳಿರಲಿಲ್ಲವೇ? ಬೇಕಾದಷ್ಟಿದ್ದರು. ಆದರೂ ಸಂಜೆ ಗಿರಾಕಿ ಕಡಿಮೆಯಾದ ಮೇಲೆ, ದಿನವಿಡೀ ಬಿಚ್ಚಿ ತೋರಿಸಿದ ಸೀರೆಗಳನ್ನೆಲ್ಲ ಗಾದಿಯ ಮೇಲೆ ರಾಶಿ ಹಾಕಿಸಿ ತಾನೇ ಒಂದೊಂದಾಗಿ ಮಡಚುತ್ತಿದ್ದ. ಹಳೆಯ ಗೆರೆಯ ಮೇಲೆಯೇ ಹೊಸ ಮಡಿಕೆ ಕೂರಬೇಕು, ಗೆರೆ ತಪ್ಪಿದರೆ ಸೀರೆಯ ಮುಖ ಬಾಡುತ್ತದೆ ಎನ್ನುತ್ತಿದ್ದ. ಅಪ್ಪ ಕಲಿಸಿದ ಕೆಲಸ.

ಅಪ್ಪ ಇನ್ನೊಂದನ್ನೂ ಕಲಿಸಿ ಹೋಗಿದ್ದ. ಉಡುವವರು ಯಾರು ಎಂದು ಕೇಳದೆ ಕಪಾಟಿನಿಂದ ಸೀರೆ ಇಳಿಸಬಾರದು.

ಆ ಸಂಜೆಯೂ ಹಾಗೇ ಆಯಿತು. ಹೊಸದಾಗಿ ನಾಲ್ಕು ಕಾಸು ಕಂಡ ಗಿರಾಕಿಯೊಬ್ಬ ಒಳಗೆ ಬಂದು ಕಾಲು ಚಾಚಿ ಕೂತ.

"ಸಾವಕಾರ್ರ, ನಿಮ್ಮ ಅಂಗಡ್ಯಾಗ ಎಲ್ಲಾದಕ್ಕಿಂತ ಭಾರೀ ಸೀರಿ ಯಾವುದೈತಿ, ಅದನ್ನ ಕಟ್ಟಿ ಕೊಡ್ರಿ."

"ಉಡಾವ್ರು ಯಾರ್ರೀ?"

"ನನ್ನ ಹೇಣ್ತಿ."

"ಎತ್ತರ ಅದಾರೋ, ಗಿಡ್ಡೋ?"

"ಏ, ಗಿಡ್ಡರೀ. ನನ್ನ ಭುಜಕ್ಕೂ ಬರೂದಿಲ್ಲ."

"ಹಂಗಾರ ಇಷ್ಟು ಅಗಲ ಅಂಚಿಂದು ಬ್ಯಾಡ. ಅಂಚ ನಡದು ಬಂದಂಗ ಕಾಣತೈತಿ, ನಿಮ್ಮ ಮನಿಯವರು ಕಾಣೂದಿಲ್ಲ. ನಾಳೆ ಅವರನ್ನ ಕರಕೊಂಡು ಬರ್ರಿ."

"ರೊಕ್ಕ ಕೊಡಾವ ನಾನು ರೀ!"

"ರೊಕ್ಕ ಕೊಡಾವ್ರು ನೀವು. ಉಡಾವ್ರು ಅವರು."

ಗಿರಾಕಿ ಗೊಣಗುತ್ತ ಎದ್ದು ಹೋದ. ಬಂದ ವ್ಯಾಪಾರವನ್ನು ಬಾಗಿಲಿಂದಾಚೆ ಕಳಿಸಿದ ಈ ಮನುಷ್ಯ ಎಂಥ ಬುದ್ಧಿವಂತ ಅನ್ನಿಸುತ್ತದಲ್ಲವೇ? ಬುದ್ಧಿವಂತನೇ. ಗಾದಿಯ ಮೇಲೆ ಕೂತಷ್ಟು ಹೊತ್ತು ಬುದ್ಧಿವಂತ. ಅಂಗಡಿಯ ಬಾಗಿಲು ಹಾಕಿ ಮನೆಯ ಹೊಸ್ತಿಲು ದಾಟಿದ ಮೇಲೆ? ಅದನ್ನೇ ಹೇಳಲು ಹೊರಟದ್ದು.

ಅವನಿಗೊಬ್ಬ ತಾಯಿ. ಆಕೆಯ ಕಣ್ಣು ದಿನದಿನಕ್ಕೆ ಮಂಜಾಗುತ್ತಿತ್ತು. ಕಣ್ಣಿನ ವೈದ್ಯರು ದೀಪ ಹಾಕಿ ನೋಡಿ, ಮಗನನ್ನು ಪಕ್ಕಕ್ಕೆ ಕರೆದು, "ನರ ಒಣಗಿವೆ. ದೀಪಾವಳಿ ಹೊತ್ತಿಗೆ ಬೆಳಕು, ಕತ್ತಲೆ ಇಷ್ಟೇ ಗೊತ್ತಾಗಬಹುದು. ಅಷ್ಟರೊಳಗೆ ಏನಾದರೂ ನೋಡುವ ಆಸೆಯಿದ್ದರೆ ತೋರಿಸಿಬಿಡಿ" ಎಂದಿದ್ದರು. ಅದು ಶ್ರಾವಣ. ದೀಪಾವಳಿ ಎಷ್ಟು ದೂರ, ನೀವೇ ಲೆಕ್ಕ ಹಾಕಿ. ಮಗ ಯೋಚಿಸಿದ. ಹೆತ್ತವಳ ಕಣ್ಣಿಗೆ ಕೊನೆಯದಾಗಿ ಏನು ತೋರಿಸಲಿ? ದೊಡ್ಡದನ್ನು ತೋರಿಸಬೇಕು. ಸಮುದ್ರಕ್ಕಿಂತ ದೊಡ್ಡದು ಏನಿದೆ? ಹಡಗು ಹತ್ತಿಸಿ, ದ್ವೀಪಕ್ಕೆ ಕರೆದೊಯ್ಯುತ್ತೇನೆ ಎಂದು ನಿಶ್ಚಯಿಸಿದ.

ಆ ಗಿರಾಕಿ ಎದ್ದು ಹೋದ ಸಂಜೆಯೇ ಅಂಗಡಿ ಮುಚ್ಚಿ, ಪ್ರವಾಸ ಮಾಡಿಸುವ ಕಚೇರಿಗೆ ಹೋದ. ಅಲ್ಲಿನ ಹುಡುಗಿ ಒಳ್ಳೆಯವಳು, ಕೂರಿಸಿ ಕೇಳಿದಳು.

"ಯಾರ್‌ಯಾರು ಹೊಂಟೀರಿ ಸರ್?"

"ನಾನು, ಮನಿಯಾಕಿ, ಮಗಳು, ನಮ್ಮವ್ವ."

"ಅಮ್ಮಾರು ಮೆಟ್ಟಲಾ ಹತ್ತಿ ಇಳೀತಾರೇನ್ರಿ? ಮ್ಯಾಡಮ್ಮಾರಿಗೆ ನೀರಿನ ಮ್ಯಾಲೆ ತಲಿ ತಿರಗತೈತೇನು? ದ್ವೀಪದಾಗ ಸುಮ್ನ ಕುಂದ್ರೂದು ಸೇರತೈತೋ, ಹಡಗಿನ ಗದ್ಲ ಸೇರತೈತೋ? ಒಂದೊಂದು ಮನಿಗೆ ಒಂದೊಂದು ಹೊಂದತೈತ್ರಿ, ಅದಕ್ಕ ಕೇಳಾಕತ್ತೀನಿ."

ಶ್ರೀಮಂತ ಏನೆಂದ ಗೊತ್ತೇ?

"ಅದೆಲ್ಲಾ ಬಿಡವ್ವಾ. ಎಲ್ಲಾದಕ್ಕಿಂತ ದೊಡ್ಡ ಹಡಗ ಯಾವುದೈತಿ, ಅದನ್ನ ಕೊಡು."

ಕೇಳಿದಿರಾ? ಗಾದಿಯ ಮುಂದೆ ಕಾಲು ಚಾಚಿ ಕೂತ ಆ ಗಿರಾಕಿಯ ಮಾತು ಈಗ ಯಾರ ಬಾಯಲ್ಲಿ ಬಂತು? ಬಂದದ್ದು ಅವನಿಗೆ ಕೇಳಿಸಲಿಲ್ಲ. ನಮ್ಮ ಮಾತು ನಮ್ಮ ಕಿವಿಗೆ ಬೀಳುವುದು ಬಹಳ ತಡವಾಗಿ.

ಅಂದು ರಾತ್ರಿ ಊಟಕ್ಕೆ ಕೂತಾಗ ಬಣ್ಣಬಣ್ಣದ ಚಿತ್ರಗಳನ್ನು ನಡುವೆ ಹರಡಿದ. ಕೊಚ್ಚಿಯಿಂದ ಹೊರಡುವ ಹಡಗು. ಅದರ ನೆತ್ತಿಯ ಮೇಲೆ ಈಜುಕೊಳ, ಹೊಟ್ಟೆಯೊಳಗೆ ಸಿನಿಮಾ, ಒಂದೊಂದು ಮಹಡಿಗೆ ಒಂದೊಂದು ಬಗೆಯ ಊಟ. ಇಳಿದಲ್ಲಿ ಬಿಳಿ ಮರಳಿನ ದ್ವೀಪ. "ಹೆಂಗೈತಿ?" ಎಂದು ಎಲ್ಲರ ಮುಖ ನೋಡಿದ.

ಹೆಂಡತಿ ಅನ್ನ ಬಡಿಸುತ್ತ, "ಚಲೋ ಐತಿ ಬಿಡ್ರಿ" ಎಂದಳು. ಆಕೆ ಅರಬೈಲು ಘಟ್ಟ ಇಳಿಯುವಾಗಲೇ ನಿಂಬೆಹಣ್ಣು ಮೂಸುತ್ತ ಕಣ್ಣು ಮುಚ್ಚಿ ಕೂರುವವಳು. ಮದುವೆಯಾದಂದಿನಿಂದ ಹಾಗೆ. ಆದರೂ "ಚಲೋ ಐತಿ" ಎಂದಳು. ಯಜಮಾನ ತಂದದ್ದಕ್ಕೆ ಹೆಸರಿಡುವ ರೂಢಿ ಆ ಮನೆಯಲ್ಲಿರಲಿಲ್ಲ. ನಿಮ್ಮ ಮನೆಯಲ್ಲಿದೆಯೇ?

ಮಗಳು ಮಾತ್ರ ಬಾಯಿಬಡುಕಿ. ಬಿಡುವಿದ್ದಾಗ ಅಂಗಡಿಯಲ್ಲಿ ಕೂತು ಅಪ್ಪನ ವ್ಯಾಪಾರ ನೋಡಿ ಬೆಳೆದವಳು. ಚಿತ್ರವನ್ನು ಸೀರೆಯ ಸೆರಗಿನಂತೆ ಎರಡು ಕೈಯಲ್ಲಿ ಹಿಡಿದು, ಅಪ್ಪನ ದನಿಯನ್ನೇ ಮಾಡಿ ಹೇಳಿದಳು: "ಅಂಚು ಅಗಲಾತ್ರೀ ಸಾವಕಾರ್ರ. ಹಡಗ ಕಾಣತೈತಿ, ನಮ್ಮನಿಯವರು ಕಾಣವಲ್ರು."

"ಏ, ಹುಡುಗಾಟ ಬಿಡ. ನಿಮ್ಮಜ್ಜಿ ಸಲುವಾಗಿ ಹೊಂಟಿದ್ದು" ಎಂದು ಗದರಿದ. ತಾಯಿಯ ಕಡೆಗೆ ತಿರುಗಿ ಮೆತ್ತಗೆ, "ಅವ್ವಾ, ಸಮುದ್ರ ತೋರಸ್ತೀನಿ ನಿನಗ" ಎಂದ.

ಮುದುಕಿ ಚಿತ್ರವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದಳು. ಆಕೆ ಹುಟ್ಟಿದ್ದು ಹೊನ್ನಾವರದ ಹತ್ತಿರ, ಹೊಳೆ ಸಮುದ್ರ ಸೇರುವ ಕಡೆ ಇರುವ ಒಂದು ನಡುಗಡ್ಡೆಯಲ್ಲಿ. ಆ ಕಡೆಯವರು ಅದಕ್ಕೆ ಕುರ್ವೆ ಅನ್ನುತ್ತಾರೆ. ಸುತ್ತ ನೀರು, ನಡುವೆ ನಾಲ್ಕು ಮನೆ, ದಾಟುವುದಕ್ಕೆ ದೋಣಿ. ಆಕೆಗೆ ಸಮುದ್ರ ತೋರಿಸುವುದೆಂದರೆ ಕುಂಬಾರನಿಗೆ ಮಣ್ಣು ತೋರಿಸಿದಂತೆ. ಮಗನಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ನೆನಪಿಸಿಕೊಳ್ಳಲು ಇಷ್ಟವಿರಲಿಲ್ಲ. ಯಾಕೆಂದು ಹೇಳುತ್ತೇನೆ, ತಾಳಿ.

ಚಿತ್ರ ಕೆಳಗಿಟ್ಟು ಮುದುಕಿ ಹೇಳಿದಳು: "ನೀರಿಗೆ ಸಪ್ಪಳ ಐತೋ ತಮ್ಮಾ. ಕಣ್ಣು ಹೋದ ಮ್ಯಾಲೂ ಅದು ನನಗ ಕೇಳತೈತಿ. ಮುಖಕ್ಕ ಸಪ್ಪಳ ಇಲ್ಲ."

ತಟ್ಟೆಯ ಮೇಲಿದ್ದ ಕೈಗಳೆಲ್ಲ ನಿಂತವು. ಯಾರ ಮುಖ ಎಂದು ಕೇಳುವ ಅಗತ್ಯ ಯಾರಿಗೂ ಇರಲಿಲ್ಲ. ಮೊಮ್ಮಗಳು ಮಾತ್ರ ಸಮಾಧಾನ ಮಾಡಲು, "ವಿಡಿಯೋದಾಗ ನೋಡಿದ್ಯಲ್ಲ ಅಜ್ಜೀ, ಸಣ್ಣಜ್ಜೀನ" ಎಂದಳು.

"ಆ ಫೋನಿನೊಳಗ ಆಕಿ ಮುಖ ನನಗ ಉದ್ದಿನಕಾಳಿನಷ್ಟು ಕಾಣತೈತವ್ವಾ. ಉದ್ದಿನಕಾಳಿಗೆ ಏನು ಮಾತಾಡ್ಲಿ?"

"ಮೊದಲ ಯಾಕ ಹೇಳಲಿಲ್ಲ ಅವ್ವಾ?" ಎಂದ ಮಗ.

"ನೀ ಕೇಳಲಿಲ್ಲಲ್ಲೋ." ಸ್ವಲ್ಪ ತಡೆದು ಹೇಳಿದಳು: "ಮಗನ ಮನಸ್ಸು ಮುರದು ತಂಗಿ ಮುಖ ನೋಡೂದು ನನಗ ಬ್ಯಾಡಾಗಿತ್ತು."

ಆ ತಂಗಿ, ಅಂದರೆ ಶ್ರೀಮಂತನ ಚಿಗವ್ವ, ಹುಟ್ಟಿದ ಕುರ್ವೆಯಲ್ಲೇ ಮದುವೆಯಾಗಿ ಅಲ್ಲೇ ಉಳಿದವಳು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು. ಈ ಶ್ರೀಮಂತ ಹೊಸ ಮನೆ ಕಟ್ಟಿ ವಾಸ್ತುಶಾಂತಿ ಮಾಡಿಸಿದಾಗ ಆಕೆಯೂ ಬಂದಿದ್ದಳು. ಬಂದ ಹೆಣ್ಣುಮಕ್ಕಳಿಗೆಲ್ಲ ಸೀರೆ ಉಡಿಸುವ ಸಂಭ್ರಮ. ಪಡಸಾಲೆಯಲ್ಲಿ ಸೀರೆಗಳನ್ನು ಒಟ್ಟಿ, ಇವನೇ ಕೂತು ಒಬ್ಬೊಬ್ಬರನ್ನೂ ಕೇಳಿದ. "ಅತ್ತೀ, ನಿನಗ ಯಾವ ಬಣ್ಣ?" "ಅಕ್ಕಾ, ಅಂಚು ಎಂಥಾದ್ದಿರಲಿ?" ಹೀಗೆ ಎಲ್ಲರನ್ನೂ ಕೇಳುತ್ತ ಕೇಳುತ್ತ ಚಿಗವ್ವನ ಸರದಿ ಬಂತು. ಆಕೆಯನ್ನು ಕೇಳಲಿಲ್ಲ. ಅಡಿಯಲ್ಲಿ ಬೇರೆ ಇಟ್ಟಿದ್ದ ಬೂದಿಬಣ್ಣದ ಸೀರೆಯೊಂದನ್ನು ತೆಗೆದು ಆಕೆಯ ಮಡಿಲಲ್ಲಿಟ್ಟು ಮುಂದಿನವರ ಕಡೆ ತಿರುಗಿದ. ಕೆಟ್ಟವನೇ? ಅಲ್ಲ. ಗಂಡ ಹೋದವಳಿಗೆ ಬಣ್ಣ ಕೇಳುವುದಿಲ್ಲ ಎಂಬುದು ರೂಢಿ. ರೂಢಿಯ ಕೈ ಹಿಡಿದು ನಡೆದ, ಅಷ್ಟೆ.

ಚಿಗವ್ವ ಸೀರೆಯನ್ನು ಬಿಚ್ಚಲೂ ಇಲ್ಲ. "ಎಲ್ಲರ ಹತ್ರೂ ಕೇಳ್ದೆ. ನನ್ನ ಹತ್ರ ಕೇಳೂಕೆ ಏನಾಯ್ತೋ ನಿಂಗೆ?" ಎಂದಳು.

ತುಂಬಿದ ಮನೆ. ನೆಂಟರೆದುರು ಅವನಿಗೆ ಅವಮಾನವಾಯಿತು. "ನಿನಗ ಇದ ಸರಿ ಅಲ್ಲೇನು ಚಿಗವ್ವಾ?" ಎಂದುಬಿಟ್ಟ. ಆಕೆ ಸೀರೆಯನ್ನು ಅಲ್ಲೇ ಇಟ್ಟಳು. ಊಟದ ಎಲೆಗೂ ಕೂರದೆ ಹೋದಳು. ಅಲ್ಲಿಂದ ಈಚೆಗೆ ಆಕೆ ಈ ಮನೆಗೆ ಬರಲಿಲ್ಲ, ಇವನು ಆ ನೀರು ದಾಟಲಿಲ್ಲ. ನಡುವೆ ಸಿಕ್ಕಿದವಳು ಯಾರು? ಎರಡೂ ಕಡೆಗೆ ಕರುಳಿದ್ದ ಮುದುಕಿ.

ತಪ್ಪು ಅವನಿಗೆ ಗೊತ್ತಾಗಿರಲಿಲ್ಲವೆಂದು ತಿಳಿಯಬೇಡಿ. ಅಂಗಡಿಯ ಗಾದಿಯ ಪಕ್ಕದ ಖಾನೆಯಲ್ಲಿ ಒಂದು ನೀಲಿ ಅಂಚೆ ಕಾಗದ ಬಿದ್ದಿತ್ತು. ಫೋನಿನಲ್ಲಿ ಕ್ಷಮೆ ಕೇಳಲು ನಾಲಿಗೆ ಏಳದೆ ತರಿಸಿದ್ದು. "ಚಿಗವ್ವಗೆ ನಮಸ್ಕಾರಗಳು" ಎಂದು ಒಂದು ಸಾಲು ಬರೆದಿದ್ದ. ಮುಂದಿನ ಸಾಲು ಹೊಳೆದಿರಲಿಲ್ಲ. ಗೌರಿ ಹಬ್ಬ ಮುಗಿಯಲಿ ಎಂದ, ಸುಗ್ಗಿ ಮುಗಿಯಲಿ ಎಂದ, ಮದುವೆಗಳ ಕಾಲ ಮುಗಿಯಲಿ ಎಂದ. ಸೀರೆ ವ್ಯಾಪಾರದಲ್ಲಿ ಯಾವ ಕಾಲ ಮುಗಿಯುತ್ತದೆ, ಹೇಳಿ?

ಮರುದಿನ ಬೆಳಿಗ್ಗೆ ಹಿಂದಿನ ಸಂಜೆಯ ಗಿರಾಕಿ ಬಂದ. ಹಿಂದೆ ಅವನ ಹೆಂಡತಿ. ಆಕೆ ಸಂಕೋಚದಿಂದ ಮೂಲೆಯಲ್ಲಿ ಕೂತಳು. ಶ್ರೀಮಂತ ವಾಡಿಕೆಯಂತೆ, "ನಿಮಗ ಯಾವ ಬಣ್ಣ ಸೇರತೈತಿ ತಂಗೀ?" ಎಂದು ಕೇಳಿದ. ಆಕೆ ಗಂಡನ ಮುಖ ನೋಡಿದಳು, ನೆಲ ನೋಡಿದಳು, ಆಮೇಲೆ ಕಣ್ಣಲ್ಲಿ ನೀರು ತಂದುಕೊಂಡು ನಕ್ಕಳು. "ಯಾರೂ ಕೇಳಿರಲಿಲ್ರೀ ಅಣ್ಣಾರ. ನನಗ ಹೊಳೀವಲ್ತು. ಒಂಚೂರು ತಡೀರಿ" ಎಂದಳು.

ಶ್ರೀಮಂತನ ಕೈ ಕಪಾಟಿನಲ್ಲೇ ನಿಂತಿತು.

ಇಲ್ಲಿ ನಾವೂ ಕಥೆಯನ್ನು ಸ್ವಲ್ಪ ನಿಲ್ಲಿಸೋಣ. ತಾಯಂದಿರೇ, ಅಣ್ಣಂದಿರೇ, ನಗುತ್ತ ಕೇಳಿದಿರಿ, ಸಂತೋಷ. ಈಗ ಈ ಕಥೆಯನ್ನು ನಿಮ್ಮ ಮನೆಯ ಹೊಸ್ತಿಲೊಳಗೆ ತಂದಿಡಿ. ರಜೆ ಬಂದಾಗ ಎಲ್ಲಿಗೆ ಹೋಗಬೇಕೆಂದು ನಿಮ್ಮಲ್ಲಿ ನಿಶ್ಚಯ ಮಾಡುವವರು ಯಾರು? ಟಿಕೆಟು ತೆಗೆಸಿದ ಮೇಲೆ "ಹೆಂಗೈತಿ?" ಎಂದು ಕೇಳುವುದು ಕೇಳಿದಂತಲ್ಲ, ಸಾರಿದಂತೆ. ಹಡಗು ತಪ್ಪಲ್ಲ, ನೋಡಿ. ಹಡಗು ಒಳ್ಳೆಯದೇ, ದ್ವೀಪವೂ ಒಳ್ಳೆಯದೇ. ಅಲೆಯ ಮೇಲೆ ಕುಣಿಯುವ ಮಕ್ಕಳಿರುವ ಮನೆಗೆ ಅದು ಹಬ್ಬ. ನಿಂಬೆಹಣ್ಣು ಮೂಸುವವಳಿಗೆ ಅದೇ ಶಿಕ್ಷೆ. ಎಲ್ಲಕ್ಕಿಂತ ದೊಡ್ಡದನ್ನು ತಂದು ಸುರಿದರೆ ಪ್ರೀತಿ ಆಯಿತು ಎಂದುಕೊಳ್ಳುತ್ತೇವೆ. ಕೇಳದೆ ಕೊಟ್ಟದ್ದು ಎಷ್ಟು ದೊಡ್ಡದಾದರೂ ಬೂದಿಬಣ್ಣದ ಸೀರೆಯೇ.

ಪ್ರವಾಸಕ್ಕಷ್ಟೇ ಅಲ್ಲ. ಇವತ್ತು ಮನೆಗೆ ಹೋದ ಮೇಲೆ ಒಲೆ ಹಚ್ಚುವ ಮೊದಲು ಒಬ್ಬರನ್ನಾದರೂ ಕೇಳಿ: ನಿನಗೇನು ಇಷ್ಟ? ಮೊದಲ ಸಲ "ಏನಾದರೂ ಆದೀತು" ಎನ್ನುತ್ತಾರೆ. ಅದನ್ನು ಉತ್ತರವೆಂದು ತಿಳಿದು ಎದ್ದು ಹೋಗಬೇಡಿ. ಯಾರೂ ಕೇಳಿ ರೂಢಿಯಿಲ್ಲದ ಮನಸ್ಸಿಗೆ ಹೊಳೆಯಲು ಹೊತ್ತು ಬೇಕು. ಒಂಚೂರು ತಡೆಯಿರಿ. ಮನೆಯಲ್ಲಿ ಯಾರನ್ನು ಕೇಳುವ ರೂಢಿಯೇ ಇಲ್ಲವೋ, ಅವರನ್ನು ಮೊದಲು ಕೇಳಿ.

ಶ್ರೀಮಂತ ಏನು ಮಾಡಿದ ಎಂದು ನಿಮ್ಮ ಕಣ್ಣು ಕೇಳುತ್ತಿವೆ. ಹೇಳುತ್ತೇನೆ.

ಮಧ್ಯಾಹ್ನ ಮನೆಗೆ ಬಂದು, ಎಲ್ಲಿಗೆ ಹೋಗೋಣ ಎಂದು ಹೆಂಡತಿಯನ್ನು ಕೇಳಿದ, ಮಗಳನ್ನು ಕೇಳಿದ. ಮಗಳು, "ನನಗ ಹಡಗ ಬೇಕಪ್ಪಾ, ಸುಳ್ಳ ಯಾಕ ಹೇಳ್ಲಿ? ಆದ್ರ ಮುಂದಿನ ವರ್ಷ. ಅಜ್ಜಿ ಕಣ್ಣು ಮುಂದಿನ ವರ್ಷಕ್ಕ ಕಾಯೂದಿಲ್ಲ" ಎಂದಳು. ಹೆಂಡತಿ, "ಕುರ್ವೆಯ ದೋಣಿಗೂ ನಿಂಬೆಹಣ್ಣ ಬೇಕ್ರಿ ನನಗ. ಒಂದ ಸಾಕು" ಎಂದಳು. ತಾಯಿಯನ್ನು ಕೇಳಲಿಲ್ಲ. ಆಕೆ ಆಗಲೇ ಹೇಳಿಯಾಗಿತ್ತು. ಅಂಗಡಿಯಿಂದ ತಂದಿದ್ದ ನೀಲಿ ಕಾಗದ ತೆಗೆದು ಆಕೆಯ ಪಕ್ಕ ಕೂತ. ಇಷ್ಟು ಕಾಲ ಹೊಳೆಯದ ಎರಡನೆಯ ಸಾಲು ಈಗ ತಾನಾಗಿ ಬಂತು. ಬರೆದು ಗಟ್ಟಿಯಾಗಿ ಓದಿದ.

"ಚಿಗವ್ವಗೆ ನಮಸ್ಕಾರಗಳು. ಅಂದು ನಿನ್ನನ್ನು ಕೇಳಬೇಕಿತ್ತು, ಕೇಳಲಿಲ್ಲ. ತಪ್ಪು ನನ್ನದು. ಇಂದು ಕೇಳುತ್ತೇನೆ. ನಿನಗೆ ಯಾವ ಬಣ್ಣ ಇಷ್ಟ? ಅವ್ವನಿಗೆ ನಿನ್ನ ಮುಖ ನೋಡಬೇಕಾಗಿದೆ. ಕರೆದುಕೊಂಡು ಬರಲೇ? ನೀನು ಹೂಂ ಎಂದರೆ ಮಾತ್ರ."

ಮಗ ಕಾಗದ ಮಡಚಿ ಅಂಟಿಸಿದ. ಮುದುಕಿ ಸೆರಗು ಸರಿಪಡಿಸಿಕೊಂಡು ಎದ್ದು ಅವನ ತೋಳು ಹಿಡಿದಳು. ಬೀದಿಯ ಕೊನೆಗೆ ಕೆಂಪು ಅಂಚೆಪೆಟ್ಟಿಗೆ. ಅಲ್ಲಿಯವರೆಗೆ ನಡೆದರು. "ತಾ ಇಲ್ಲೆ, ನಾ ಹಾಕತೀನಿ" ಎಂದು ಕಾಗದ ಇಸಿದುಕೊಂಡು, ಇನ್ನೊಂದು ಕೈಯಿಂದ ಪೆಟ್ಟಿಗೆಯ ಬಾಯಿ ತಡವಿ ಹುಡುಕಿದಳು. ಸಿಕ್ಕಿತು. ಕಾಗದವನ್ನು ಒಳಗೆ ಬಿಟ್ಟು, ಕಿವಿಯನ್ನು ತಗಡಿಗೆ ತಾಗಿಸಿದಳು. ಒಂದು ನೀಲಿ ಕಾಗದ ಬೀಳುವ ಸಪ್ಪಳ ಎಷ್ಟಿದ್ದೀತು? ಮಗನಿಗೆ ಕೇಳಿಸಲಿಲ್ಲ.

"ಬಿತ್ತು" ಎಂದಳು ತಾಯಿ.