ನಿಧಾನದ ಸ್ಟಾಪ್‌ವಾಚ್

ರಾಣೆಬೆನ್ನೂರಿನಲ್ಲಿ ಬ್ಯಾಡಗಿ ಬಸ್ಸು ಹತ್ತಿದ್ದೆ. ಮುಂದಿನ ಸೀಟಿನಲ್ಲಿ ಬಿಎಸ್ಸಿ ಕೊನೇ ವರ್ಷದ ಹುಡುಗಿ, ಪಕ್ಕದಲ್ಲಿ ಅವಳ ಫಿಸಿಕ್ಸ್ ಮೇಡಂ.

"ಬಿಎಸ್ಸಿ ಮ್ಯಾಲಿನ ಇಂಟಿಗ್ರೇಟೆಡ್ ಪಿಎಚ್‌ಡಿ ಇಂಟರ್‌ವ್ಯೂ ಏನಾತು, ರೋಹಿಣಿ?"

"ಆಗಲಿಲ್ರಿ ಮೇಡಂ."

"ಏನು ಕೇಳಿದ್ರು?"

"ಪೆಂಡುಲಮ್ಮು, ಸ್ಟಾಪ್‌ವಾಚು ಕೊಟ್ಟು ಗುರುತ್ವದ ವ್ಯಾಲ್ಯೂ ತಗಿ ಅಂದ್ರು."

"ಫಸ್ಟ್ ಇಯರ್‌ದು ಅಲ್ಲೇನದು! ಎಷ್ಟು ಬಂತು?"

"ಹನ್ನೊಂದು ಬಂತ್ರಿ. ಮತ್ತೊಮ್ಮೆ ಮಾಡಿದ್ರೂ ಅಷ್ಟ."

"ಅಯ್ಯ, ಮತ್ತ?"

"ಪುಸ್ತಕದಾಗಿನಂಗ ಒಂಬತ್ತು ಪಾಯಿಂಟ್ ಎಂಟು ಅಂತ ಬರೆದು, ರೀಡಿಂಗ್ ಹೊಂದಿಸಿದೆ. ನಮ್ಮ ಲ್ಯಾಬಿನಾಗ ಮಾಡ್ತಿದ್ವೆಲ್ರಿ, ಹಂಗ."

"ಸರಿ ಮಾಡೀದಿ."

"ಸ್ಟಾಪ್‌ವಾಚ್ ಅವರೇ ಬೇಕಂತ ಸ್ಲೋ ಮಾಡಿ ಇಟ್ಟಿದ್ರಂತ್ರಿ. ಹನ್ನೊಂದು ಅಂತನ ಬರೆದಿದ್ರ ತಗೋತಿದ್ವಿ ಅಂದ್ರು."

ಮೇಡಂ ಕಿಟಕಿ ಕಡೆ ನೋಡಿದರು. ಮೆಣಸಿನಕಾಯಿ ಘಾಟಿಗೆ ಬಸ್ಸಿನಲ್ಲಿ ಆಗಲೇ ಸೀನು ಶುರುವಾಗಿತ್ತು.

"ನಾಳೆ ನಿನ್ನ ತಂಗೀದು ಪ್ರಾಕ್ಟಿಕಲ್ ಎಕ್ಸಾಮ್ ಅಲ್ಲ?"

"ಹೌದ್ರಿ. ಅಕೀಗೂ ಪೆಂಡುಲಮ್ಮು ಬರತೈತಂತ."

"ಏನು ಬರಿ ಅಂತ ಹೇಳೀದಿ?"

"ಒಂಬತ್ತು ಪಾಯಿಂಟ್ ಎಂಟು ಅಂತ್ರಿ. ಇಲ್ಲಂದ್ರ ನೀವು ಮಾರ್ಕ್ಸ್ ಕೊಡೂದಿಲ್ಲಲ್ರಿ."

"ಖರೇ."

ಬ್ಯಾಡಗಿ ಬಂತು. ಒಬ್ಬರು ಸೆರಗು, ಒಬ್ಬಳು ವೇಲು ಮೂಗಿಗೆ ಒತ್ತಿಕೊಂಡು ಇಳಿದು ಹೋದರು.